ವಿದೇಶಿ ಹಣ ಮತ್ತು ಸುದ್ದಿ ಮಾಧ್ಯಮ: ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳಲ್ಲಿ ವಾರಪತ್ರಿಕೆ, ಪಾಕ್ಷಿಕ ಅಥವಾ ಅಂತರ್ಜಾಲ ಸುದ್ದಿ ವಾಹಿನಿ ನಡೆಸುತ್ತಿರುವವರು, ನಡೆಸಲು ಇಚ್ಛಿಸುವವರು ಹಾಗೂ ವಾರ್ತಾಪತ್ರ ಹೊರತರುವ ಸ್ವಯಂಸೇವಾ ಸಂಸ್ಥೆಗಳ ಪದಾಧಿಕಾರಿಗಳ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಹೊರದೇಶದಿಂದ ಹಣ ಬಂದಾಗ, ಅಥವಾ ಬರುವ ಸಂಭವವಿದ್ದಾಗ, ಯಾವ ಕಾನೂನು ಅನ್ವಯಿಸುತ್ತದೆ, ಯಾರಿಗೆ ಏನನ್ನು ತಿಳಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದೆ.

ಮೊದಲು ತಿಳಿಯಬೇಕಾದ ಅಂಶ

ಹೊರದೇಶದ ಹಣವೆಲ್ಲವೂ ಕಾನೂನಿನ ದೃಷ್ಟಿಯಲ್ಲಿ ಒಂದೇ ಅಲ್ಲ. ದಾನವಾಗಿ ಬಂದ ಹಣ ಬೇರೆ, ಬಂಡವಾಳವಾಗಿ ಬಂದ ಹಣ ಬೇರೆ, ದುಡಿಮೆಯ ಪ್ರತಿಫಲವಾಗಿ ಬಂದ ಹಣ ಬೇರೆ. ಸುದ್ದಿ ಮಾಧ್ಯಮಕ್ಕೆ ಸಂಬಂಧಿಸಿದಂತೆ ಮೊದಲನೆಯದನ್ನು ನಿಷೇಧಿಸಲಾಗಿದೆ; ಎರಡನೆಯದಕ್ಕೆ ಮಿತಿ ಹಾಗೂ ಸರ್ಕಾರದ ಅನುಮೋದನೆಯ ಷರತ್ತು ಇದೆ; ಮೂರನೆಯದಕ್ಕೆ ಅಡ್ಡಿಯಿಲ್ಲ, ಆದರೆ ದಾಖಲೆ ಇರಬೇಕು. ತಮಗೆ ಬಂದಿರುವ ಹಣ ಈ ಮೂರರಲ್ಲಿ ಯಾವುದು ಎಂಬುದನ್ನು ನಿರ್ಧರಿಸದೆ ಅರ್ಜಿ ನಮೂನೆಯನ್ನು ಭರ್ತಿ ಮಾಡಲು ತೊಡಗುವುದೇ ಹೆಚ್ಚಿನ ತೊಡಕುಗಳಿಗೆ ಮೂಲ.

ಸುದ್ದಿ ಮಾಧ್ಯಮ ವಿದೇಶಿ ವಂತಿಗೆ ಪಡೆಯುವಂತಿಲ್ಲ

ತುರ್ತು ಪರಿಸ್ಥಿತಿಯ ಕಾಲದಲ್ಲಿ ಜಾರಿಗೆ ಬಂದ 1976ರ ವಿದೇಶಿ ವಂತಿಗೆ (ನಿಯಂತ್ರಣ) ಅಧಿನಿಯಮವು ನೋಂದಾಯಿತ ಪತ್ರಿಕೆಯ ವರದಿಗಾರ, ಅಂಕಣಕಾರ, ವ್ಯಂಗ್ಯಚಿತ್ರಕಾರ, ಸಂಪಾದಕ, ಮಾಲೀಕ, ಮುದ್ರಕ ಹಾಗೂ ಪ್ರಕಾಶಕರು ವಿದೇಶಿ ವಂತಿಗೆ ಸ್ವೀಕರಿಸುವುದನ್ನು ನಿಷೇಧಿಸಿತು. ಅದರ ಸ್ಥಾನದಲ್ಲಿ ಬಂದು, 2011ರ ಮೇ 1ರಿಂದ ಜಾರಿಯಲ್ಲಿರುವ 2010ರ ಅಧಿನಿಯಮದ 3ನೇ ಪ್ರಕರಣವು ಈ ನಿಷೇಧವನ್ನು ಉಳಿಸಿಕೊಂಡು ವಿಸ್ತರಿಸಿದೆ. ವಿದ್ಯುನ್ಮಾನ ವಿಧಾನದಲ್ಲಿ ಅಥವಾ ಇನ್ನಾವುದೇ ಸಮೂಹ ಸಂವಹನ ವಿಧಾನದಲ್ಲಿ ಶ್ರವ್ಯ ಸುದ್ದಿ, ದೃಶ್ಯ-ಶ್ರವ್ಯ ಸುದ್ದಿ ಅಥವಾ ಪ್ರಚಲಿತ ವಿದ್ಯಮಾನಗಳ ಕಾರ್ಯಕ್ರಮ ನಿರ್ಮಿಸುವ, ಪ್ರಸಾರ ಮಾಡುವ ಸಂಘ ಮತ್ತು ಕಂಪನಿಗಳೂ, ಅವುಗಳ ವರದಿಗಾರರು, ಅಂಕಣಕಾರರು, ವ್ಯಂಗ್ಯಚಿತ್ರಕಾರರು, ಸಂಪಾದಕರು ಮತ್ತು ಮಾಲೀಕರೂ ಈಗ ಇದರ ವ್ಯಾಪ್ತಿಗೆ ಬರುತ್ತಾರೆ. ಕಚೇರಿ, ಕ್ಯಾಮೆರಾ, ಸಿಬ್ಬಂದಿ ಎಷ್ಟಿದೆ ಎಂಬುದನ್ನು ಈ ಪ್ರಕರಣ ಕೇಳುವುದಿಲ್ಲ. ತಾಲ್ಲೂಕು ಮಟ್ಟದ ವಾಹಿನಿಗೂ ರಾಷ್ಟ್ರಮಟ್ಟದ ವಾಹಿನಿಗೂ ಇರುವುದು ಒಂದೇ ನಿಯಮ.

ಇದು ಅನುಮತಿ ಪಡೆದು ಮಾಡಬಹುದಾದ ಕೆಲಸವಲ್ಲ ಎಂಬುದನ್ನು ಗಮನಿಸತಕ್ಕದ್ದು. ಶಾಲೆ ಅಥವಾ ಆಸ್ಪತ್ರೆ ನಡೆಸುವ ಸಂಸ್ಥೆಯು ನೋಂದಣಿ ಮಾಡಿಸಿಕೊಂಡು ವಿದೇಶಿ ವಂತಿಗೆ ಪಡೆಯಬಹುದು. ಪತ್ರಿಕೆಯ ಮಾಲೀಕರಿಗೆ ಆ ಮಾರ್ಗವೇ ಇಲ್ಲ. ಇನ್ನೊಬ್ಬರ ಮೂಲಕ ಪಡೆಯುವುದಕ್ಕೂ ಅವಕಾಶವಿಲ್ಲ. ನಿಷೇಧಿತ ವ್ಯಕ್ತಿಯ ಪರವಾಗಿ ವಿದೇಶಿ ಮೂಲದಿಂದ ಹಣ ಸ್ವೀಕರಿಸುವುದನ್ನೂ ಅದೇ ಪ್ರಕರಣ ತಡೆಯುತ್ತದೆ. 2020ರ ತಿದ್ದುಪಡಿಯ ನಂತರ, ನೋಂದಾಯಿತ ಸಂಸ್ಥೆಯು ತಾನು ಪಡೆದ ವಿದೇಶಿ ವಂತಿಗೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತೆಯೂ ಇಲ್ಲ. ಉಲ್ಲಂಘನೆಗೆ 35ನೇ ಪ್ರಕರಣದಡಿ 5 ವರ್ಷಗಳವರೆಗೆ ಕಾರಾವಾಸ, ಅಥವಾ ಜುಲ್ಮಾನೆ, ಅಥವಾ ಎರಡೂ ಆಗಬಹುದು. ಸ್ವೀಕರಿಸಿದವರಿಗಷ್ಟೇ ಅಲ್ಲ, ಸ್ವೀಕರಿಸಲು ನೆರವಾದವರಿಗೂ ಈ ಶಿಕ್ಷೆ ಅನ್ವಯಿಸುತ್ತದೆ. ಸ್ನೇಹಿತನ ಪತ್ರಿಕೆಗಾಗಿ ತನ್ನ ಖಾತೆಯ ಸಂಖ್ಯೆಯನ್ನು ಕೊಡುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಬಂಧುಗಳು ಕಳುಹಿಸುವ ಹಣ

ಈ ಭಾಗದ ಅನೇಕ ಕುಟುಂಬಗಳ ಸದಸ್ಯರು ಕೊಲ್ಲಿ ರಾಷ್ಟ್ರಗಳಲ್ಲಿ, ಅಮೆರಿಕದಲ್ಲಿ ಉದ್ಯೋಗದಲ್ಲಿರುವುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಗತ್ಯ.

ಇಲ್ಲಿ ನೋಡಬೇಕಾದುದು ಹಣ ಕಳುಹಿಸಿದವರು ಎಲ್ಲಿ ವಾಸವಾಗಿದ್ದಾರೆ ಎಂಬುದನ್ನಲ್ಲ, ಅವರು ಯಾವ ದೇಶದ ಪೌರರು ಎಂಬುದನ್ನು. ದುಬೈನಲ್ಲಿ ದುಡಿಯುತ್ತಿದ್ದು ಭಾರತದ ಪಾಸ್‌ಪೋರ್ಟ್ ಹೊಂದಿರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣವು ವಿದೇಶಿ ವಂತಿಗೆ ಎನಿಸುವುದಿಲ್ಲ. ಅದೇ ವ್ಯಕ್ತಿ ಅಮೆರಿಕದ ಪೌರತ್ವ ಪಡೆದಿದ್ದರೆ, ಅವರ ಬಳಿ ಸಾಗರೋತ್ತರ ಭಾರತೀಯ ಪೌರರ ಕಾರ್ಡ್ ಇದ್ದರೂ, ಅವರು ವಿದೇಶಿ ಮೂಲವೇ ಆಗುತ್ತಾರೆ. ಕಾರ್ಡಿನ ಹೆಸರಿನಲ್ಲಿ ‘ಭಾರತೀಯ ಪೌರ’ ಎಂಬ ಮಾತಿರುವುದರಿಂದ ಈ ತಪ್ಪು ತಿಳಿವಳಿಕೆ ಉಂಟಾಗುವುದು ಸಹಜ. ಕಳುಹಿಸುವವರ ಪಾಸ್‌ಪೋರ್ಟಿನ ಮೊದಲ ಪುಟದ ಪ್ರತಿಯನ್ನು ಪಡೆದು ಕಡತದಲ್ಲಿ ಇರಿಸಿಕೊಳ್ಳುವುದು ಸುಲಭವಾದ ಪರಿಹಾರ.

ವಿದೇಶಿ ಪೌರರಾಗಿರುವ ಸಂಬಂಧಿಯಿಂದ ಹಣ ಪಡೆಯಲು 4ನೇ ಪ್ರಕರಣವು ವಿನಾಯಿತಿ ನೀಡಿದೆ. ಆದರೆ ‘ಸಂಬಂಧಿ’ ಎಂಬ ಪದಕ್ಕೆ ಕಂಪನಿ ಕಾನೂನಿನಲ್ಲಿ ಹೇಳಿರುವ ಅರ್ಥವನ್ನೇ ಇಲ್ಲಿಯೂ ಸ್ವೀಕರಿಸಲಾಗಿದೆ. ಪತಿ, ಪತ್ನಿ, ತಂದೆ, ತಾಯಿ, ಮಗ, ಮಗಳು, ಒಡಹುಟ್ಟಿದವರು ಇದರಲ್ಲಿ ಸೇರುತ್ತಾರೆ. ನಮ್ಮ ಆಡುಮಾತಿನಲ್ಲಿ ಚಿಕ್ಕಪ್ಪನ ಮಗನೂ ತಮ್ಮನೇ, ದೊಡ್ಡಮ್ಮನ ಮಗಳೂ ಅಕ್ಕನೇ. ಆದರೆ ಹಿಂದೂ ಅವಿಭಕ್ತ ಕುಟುಂಬದ ಸದಸ್ಯತ್ವದಂಥ ಬೇರೆ ಆಧಾರವಿಲ್ಲದಿದ್ದರೆ ಕಾನೂನು ಅವರನ್ನು ಸಂಬಂಧಿಗಳೆಂದು ಎಣಿಸುವುದಿಲ್ಲ. ಸ್ನೇಹಿತರು, ಸಹಪಾಠಿಗಳು, ಊರಿನವರು ಎಂಬ ನೆಲೆಯಲ್ಲಿ ಯಾವ ವಿನಾಯಿತಿಯೂ ಇಲ್ಲ. ಸಂಬಂಧಿಯಿಂದ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿಗಿಂತ ಹೆಚ್ಚು ಬಂದಲ್ಲಿ, ಮೂರು ತಿಂಗಳೊಳಗೆ ಎಫ್‌ಸಿ-1 ನಮೂನೆಯಲ್ಲಿ ಕೇಂದ್ರ ಗೃಹ ವ್ಯವಹಾರಗಳ ಸಚಿವಾಲಯಕ್ಕೆ ತಿಳಿಸಬೇಕು. 2022ರ ಜುಲೈಗೆ ಮೊದಲು ಈ ಮಿತಿಯು 1 ಲಕ್ಷ ರೂಪಾಯಿ ಮತ್ತು ಅವಧಿಯು 30 ದಿನ ಆಗಿತ್ತು. ಹಳೆಯ ಕರಪತ್ರಗಳಲ್ಲಿ ಆ ಅಂಕಿಗಳೇ ಇರಬಹುದು.

ಪಾಲುದಾರಿಕೆಯ ವಿಷಯದಲ್ಲಿ ಎಚ್ಚರಿಕೆ ಬೇಕು. ಅನಿವಾಸಿ ಭಾರತೀಯ ತಮ್ಮನು ಅಣ್ಣನ ಪತ್ರಿಕೆಗೆ ಹಣ ಕೊಟ್ಟರೆ ಅದು ವಿದೇಶಿ ವಂತಿಗೆಯಲ್ಲ. ಆದರೆ ಅದೇ ತಮ್ಮನನ್ನು ಪತ್ರಿಕೆ ನಡೆಸುವ ಪಾಲುದಾರಿಕೆ ಸಂಸ್ಥೆಗೆ ಪಾಲುದಾರನಾಗಿ ಸೇರಿಸಿಕೊಂಡರೆ ಅದು ಹೂಡಿಕೆಯಾಗುತ್ತದೆ. ವಿದೇಶಿ ವಿನಿಮಯ ನಿರ್ವಹಣೆ ಕುರಿತ 2019ರ ನಿಯಮಗಳ ಪ್ರಕಾರ, ಅನಿವಾಸಿ ಭಾರತೀಯರು ಮುದ್ರಣ ಮಾಧ್ಯಮದಲ್ಲಿ ತೊಡಗಿರುವ ಪಾಲುದಾರಿಕೆ ಅಥವಾ ಏಕಮಾಲೀಕತ್ವದ ಸಂಸ್ಥೆಯಲ್ಲಿ ಹೂಡಿಕೆ ಮಾಡುವಂತಿಲ್ಲ. ಕೃಷಿ, ತೋಟಗಾರಿಕೆ ಮತ್ತು ಸ್ಥಿರಾಸ್ತಿ ವ್ಯವಹಾರಗಳ ಜೊತೆಯಲ್ಲಿಯೇ ಮುದ್ರಣ ಮಾಧ್ಯಮವನ್ನೂ ಆ ನಿಷೇಧದಲ್ಲಿ ಹೆಸರಿಸಲಾಗಿದೆ.

ಬಂಡವಾಳ ಹೂಡಿಕೆ

ಪತ್ರಿಕೆಗಳಲ್ಲಿ ವಿದೇಶಿ ಬಂಡವಾಳ ಬೇಡವೆಂಬುದು 1955ರ ಕೇಂದ್ರ ಸಚಿವ ಸಂಪುಟದ ನಿರ್ಣಯವಾಗಿದ್ದು, ಸುಮಾರು ಅರ್ಧ ಶತಮಾನ ಉಳಿದುಕೊಂಡಿತ್ತು. 2002ರ ಜೂನ್ ತಿಂಗಳಲ್ಲಿ ಸುದ್ದಿಪತ್ರಿಕೆಗಳಲ್ಲಿ ಶೇಕಡ 26ರವರೆಗೆ ಹೂಡಿಕೆಗೆ ಅವಕಾಶ ನೀಡಲಾಯಿತು. ಸುದ್ದಿ ದೂರದರ್ಶನ ವಾಹಿನಿಗಳಿಗೆ ಈ ಮಿತಿಯನ್ನು 2015ರಲ್ಲಿ ಶೇಕಡ 49ಕ್ಕೆ ಏರಿಸಲಾಯಿತು. ಅಂತರ್ಜಾಲ ಸುದ್ದಿ ಮಾಧ್ಯಮಗಳಿಗೆ 2019ರವರೆಗೆ ಪ್ರತ್ಯೇಕ ಮಿತಿಯೇ ಇರಲಿಲ್ಲ. ಆ ವರ್ಷ ಶೇಕಡ 26ರ ಮಿತಿಯನ್ನು ಗೊತ್ತುಪಡಿಸಲಾಯಿತು. ಮೂರರಲ್ಲಿಯೂ ಕೇಂದ್ರ ಸರ್ಕಾರದ ಪೂರ್ವಾನುಮೋದನೆ ಅಗತ್ಯ.

ಅಂತರ್ಜಾಲ ಮಾಧ್ಯಮದ ಮಿತಿಯು ಯಾರಿಗೆಲ್ಲ ಅನ್ವಯಿಸುತ್ತದೆ ಎಂಬ ಸಂದೇಹಕ್ಕೆ 2020ರ ಅಕ್ಟೋಬರ್ 16ರ ಸ್ಪಷ್ಟೀಕರಣವು ಉತ್ತರ ನೀಡಿದೆ. ಜಾಲತಾಣ, ಆ್ಯಪ್ ಮೊದಲಾದವುಗಳಲ್ಲಿ ಸುದ್ದಿ ಪ್ರಕಟಿಸುವವರು, ಅವರಿಗೆ ಸುದ್ದಿ ಒದಗಿಸುವ ಸುದ್ದಿಸಂಸ್ಥೆಗಳು ಹಾಗೂ ಇತರರ ಸುದ್ದಿಗಳನ್ನು ಒಟ್ಟುಗೂಡಿಸಿ ತೋರಿಸುವವರು ಇದರ ವ್ಯಾಪ್ತಿಗೆ ಬರುತ್ತಾರೆ. ನಿರ್ದೇಶಕ ಮಂಡಳಿಯ ಬಹುಪಾಲು ಸದಸ್ಯರೂ ಮುಖ್ಯ ಕಾರ್ಯನಿರ್ವಾಹಕರೂ ಭಾರತೀಯ ಪೌರರಾಗಿರಬೇಕು. ವರ್ಷದಲ್ಲಿ 60 ದಿನಗಳಿಗಿಂತ ಹೆಚ್ಚು ಕಾಲ ನಿಯೋಜಿತರಾಗುವ ವಿದೇಶಿ ಸಿಬ್ಬಂದಿಗೆ ಭದ್ರತಾ ಅನುಮೋದನೆ ಪಡೆಯಬೇಕು.

ಪಾರದರ್ಶಕತೆಯ ಮುಖ್ಯ ಆದೇಶ ಬಂದುದು ಅದರ ಮರುತಿಂಗಳು. 2020ರ ನವೆಂಬರ್ 16ರ ಸಾರ್ವಜನಿಕ ಪ್ರಕಟಣೆಯಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯವು, ಶೇಕಡ 26ಕ್ಕಿಂತ ಕಡಿಮೆ ವಿದೇಶಿ ಬಂಡವಾಳವಿರುವ ಸಂಸ್ಥೆಗಳು ಷೇರುದಾರರ ವಿವರ, ನಿರ್ದೇಶಕರ ಹಾಗೂ ಪ್ರವರ್ತಕರ ಹೆಸರು ಮತ್ತು ವಿಳಾಸ, ಸಂಸ್ಥೆಯ ನಿಜವಾದ ಫಲಾನುಭವಿ ಮಾಲೀಕರು ಯಾರು ಎಂಬ ಮಾಹಿತಿ ಮೊದಲಾದವುಗಳನ್ನು ಒಂದು ತಿಂಗಳೊಳಗೆ ಸಲ್ಲಿಸುವಂತೆ ಸೂಚಿಸಿತು. ಮಿತಿ ಮೀರಿದ್ದವರು 2021ರ ಅಕ್ಟೋಬರ್ 15ರೊಳಗೆ ಅದನ್ನು ಶೇಕಡ 26ಕ್ಕೆ ಇಳಿಸಬೇಕಾಗಿತ್ತು. ಯಾಹೂ ಸಂಸ್ಥೆಯು 2021ರ ಆಗಸ್ಟ್‌ನಲ್ಲಿ ಭಾರತದಲ್ಲಿ ತನ್ನ ಸುದ್ದಿ ತಾಣಗಳನ್ನು ಮುಚ್ಚಿದ್ದು ಈ ನಿಯಮಗಳ ಹಿನ್ನೆಲೆಯಲ್ಲಿಯೇ. ಬಿಬಿಸಿಯು 2024ರಲ್ಲಿ ತನ್ನ ಭಾರತೀಯ ಭಾಷಾ ಸೇವೆಗಳ ಕೆಲಸವನ್ನು ಭಾರತೀಯರ ಒಡೆತನದ ‘ಕಲೆಕ್ಟಿವ್ ನ್ಯೂಸ್‌ರೂಮ್’ ಎಂಬ ಹೊಸ ಕಂಪನಿಗೆ ವಹಿಸಿತು. ಆದರೂ, ಗಡುವಿನೊಳಗೆ ವಿದೇಶಿ ಪಾಲನ್ನು ಇಳಿಸಲಿಲ್ಲವೆಂಬ ಕಾರಣಕ್ಕೆ 2025ರ ಫೆಬ್ರುವರಿಯಲ್ಲಿ ಜಾರಿ ನಿರ್ದೇಶನಾಲಯವು ಬಿಬಿಸಿ ವರ್ಲ್ಡ್ ಸರ್ವಿಸ್ ಇಂಡಿಯಾ ಕಂಪನಿಗೆ 3.44 ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿತು. ತಾಲ್ಲೂಕಿನ ವಾಹಿನಿಗೆ ಇಷ್ಟು ದೊಡ್ಡ ವ್ಯವಹಾರ ಇರಲಾರದು. ಆದರೆ ನಾಲ್ವರು ಸ್ನೇಹಿತರು ಸೇರಿ ಕಂಪನಿ ನೋಂದಾಯಿಸಿ, ಹೊರದೇಶದ ಒಬ್ಬರಿಗೆ ಷೇರು ಕೊಟ್ಟ ದಿನದಿಂದಲೇ ಅವರಿಗೂ ಅನ್ವಯಿಸುವುದು ಇದೇ ನಿಯಮ.

ಯೂಟ್ಯೂಬ್ ಆದಾಯ, ಜಾಹೀರಾತು, ಲೇಖನದ ಸಂಭಾವನೆ

ಸಾಮಾನ್ಯ ವ್ಯವಹಾರದ ಕ್ರಮದಲ್ಲಿ ನೀಡಿದ ಸೇವೆಗೆ ಅಥವಾ ಸರಕಿಗೆ ಪ್ರತಿಫಲವಾಗಿ ಬಂದ ಹಣವು ವಿದೇಶಿ ವಂತಿಗೆಯ ವ್ಯಾಖ್ಯೆಯಿಂದ ಹೊರಗಿದೆ. ವಾಹಿನಿಯಲ್ಲಿ ಬಿತ್ತರಗೊಂಡ ಜಾಹೀರಾತುಗಳಿಗಾಗಿ ಅಂತರ್ಜಾಲ ಕಂಪನಿಯೊಂದು ಹೊರದೇಶದ ಖಾತೆಯಿಂದ ಪಾವತಿಸುವ ಪಾಲು ಇಂಥದ್ದು. ಹೊರದೇಶದ ಪತ್ರಿಕೆಗೆ ಬರೆದುಕೊಟ್ಟ ವರದಿಯ ಸಂಭಾವನೆ, ವಿದ್ಯಾರ್ಥಿವೇತನ ಮತ್ತು ವೇತನಗಳಿಗೂ 4ನೇ ಪ್ರಕರಣದ ರಕ್ಷಣೆ ಇದೆ.

ವಾಹಿನಿಯ ಕೆಳಗೆ ‘ನಮ್ಮನ್ನು ಬೆಂಬಲಿಸಿ’ ಎಂದು ಖಾತೆಯ ವಿವರ ಅಥವಾ ಸ್ಕ್ಯಾನ್ ಚಿತ್ರವನ್ನು ಹಾಕಿದಾಗ ಮಾತ್ರ ಪರಿಸ್ಥಿತಿ ಬದಲಾಗುತ್ತದೆ. ಅಲ್ಲಿಗೆ ಬರುವುದು ದಾನ. ವಿದೇಶಿ ಪೌರರೊಬ್ಬರು ನೂರು ರೂಪಾಯಿ ಹಾಕಿದರೂ ಅದು ನಿಷೇಧಿತ ವಂತಿಗೆಯೇ. ಆದುದರಿಂದ ದೇಣಿಗೆ ಕೋರುವ ಜಾಗದಲ್ಲಿಯೇ ‘ಭಾರತದ ಪೌರರಿಂದ ಮಾತ್ರ ದೇಣಿಗೆ ಸ್ವೀಕರಿಸಲಾಗುವುದು’ ಎಂದು ಸ್ಪಷ್ಟವಾಗಿ ಬರೆದು, ದೇಣಿಗೆದಾರರಿಂದ ಆ ಬಗ್ಗೆ ಘೋಷಣೆ ಪಡೆಯುವುದು ಸೂಕ್ತ. ಹಣ ಬಂದಾಗ ಬ್ಯಾಂಕು ಉದ್ದೇಶವನ್ನು ಕೇಳುತ್ತದೆ. ಅಲ್ಲಿ ಏನನ್ನಾದರೂ ನಮೂದಿಸಿ ಮುಗಿಸುವ ರೂಢಿಯನ್ನು ಬಿಡತಕ್ಕದ್ದು. ಜಾಹೀರಾತಿನ ಆದಾಯವನ್ನು ‘ದೇಣಿಗೆ’ ಎಂದು ನಮೂದಿಸಿದರೆ ಇಲ್ಲದ ಅಪರಾಧವನ್ನು ತಾವೇ ಬರೆದುಕೊಟ್ಟಂತೆ. ನೋಂದಣಿಯಿಲ್ಲದವರ ಖಾತೆಗೆ ವಿದೇಶಿ ವಂತಿಗೆ ಬಂದಲ್ಲಿ ಬ್ಯಾಂಕು 48 ಗಂಟೆಗಳೊಳಗೆ ಕೇಂದ್ರ ಸರ್ಕಾರಕ್ಕೆ ವರದಿ ಮಾಡಬೇಕಾಗುತ್ತದೆ. ಅಪರಿಚಿತ ಹಣ ಬಂದುದು ಗಮನಕ್ಕೆ ಬಂದ ಕೂಡಲೇ ಅದನ್ನು ಬಳಸದೆ ಬ್ಯಾಂಕಿನ ಶಾಖೆಗೆ ಲಿಖಿತವಾಗಿ ತಿಳಿಸುವುದು ಕ್ಷೇಮ.

ಸ್ವಯಂಸೇವಾ ಸಂಸ್ಥೆಗಳ ವಾರ್ತಾಪತ್ರಗಳು

ಹೆಚ್ಚು ಹಾನಿಯ ಸಂಭವವಿರುವುದು ಈ ವರ್ಗದಲ್ಲಿ. ಸಂಸ್ಥೆಯು ಅಂಗನವಾಡಿ, ಸ್ವಸಹಾಯ ಗುಂಪು ಅಥವಾ ಕುಡಿಯುವ ನೀರಿನ ಕೆಲಸಕ್ಕಾಗಿ ನಿಯಮಬದ್ಧವಾಗಿ ವಿದೇಶಿ ವಂತಿಗೆ ಪಡೆಯುತ್ತಿರುತ್ತದೆ. ಅದರ ಜೊತೆಗೆ ನಾಲ್ಕು ಪುಟಗಳ ಒಂದು ವಾರ್ತಾಪತ್ರವನ್ನೂ ಹೊರತರುತ್ತದೆ. ಆ ನಾಲ್ಕು ಪುಟಗಳಿಂದಾಗಿ ಇಡೀ ಸಂಸ್ಥೆಯ ನೋಂದಣಿಗೆ ತೊಂದರೆ ಬರಬಹುದು.

2023ರ ಪತ್ರಿಕಾ ಮತ್ತು ನಿಯತಕಾಲಿಕೆಗಳ ನೋಂದಣಿ ಅಧಿನಿಯಮದ ಪ್ರಕಾರ, ಸಾರ್ವಜನಿಕ ಸುದ್ದಿಯನ್ನು ಅಥವಾ ಅದರ ಮೇಲಿನ ಟೀಕೆ-ಟಿಪ್ಪಣಿಯನ್ನು ಒಳಗೊಂಡು ನಿಯಮಿತ ಅವಧಿಗೆ ಮುದ್ರಣವಾಗುವುದೆಲ್ಲ ನಿಯತಕಾಲಿಕೆ. ವೈಜ್ಞಾನಿಕ, ತಾಂತ್ರಿಕ, ವಿದ್ವತ್ ಪತ್ರಿಕೆಗಳು ಮಾತ್ರ ಇದಕ್ಕೆ ಹೊರತು. ಸಂಸ್ಥೆಯ ಹೊಲಿಗೆ ತರಬೇತಿಯಲ್ಲಿ ಎಷ್ಟು ಮಂದಿ ಭಾಗವಹಿಸಿದರು ಎಂಬುದು ಸಂಸ್ಥೆಯ ವರದಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾದುದು, ಅದರಿಂದ ಎಡದಂಡೆ ನಾಲೆಯ ಕೊನೆಯ ಭಾಗದ ರೈತರಿಗೆ ನೀರು ಸಿಗುವುದೇ ಎಂಬ ಚರ್ಚೆ ಇವು ಸಾರ್ವಜನಿಕ ಸುದ್ದಿ. ಲಿಂಗಸುಗೂರು ಭಾಗದಲ್ಲಿ ನಾರಾಯಣಪುರ ಬಲದಂಡೆ ನಾಲೆಯ ವಿಷಯವೂ ಹಾಗೆಯೇ. ರೈತರಿಗೆ ಅತ್ಯಂತ ಉಪಯುಕ್ತವಾದ ಪುಟವೇ ಸಂಸ್ಥೆಯನ್ನು ಪತ್ರಿಕೆಯ ಸಾಲಿಗೆ ಸೇರಿಸುವ ಪುಟವೂ ಆಗಿರುವುದು ಇಲ್ಲಿಯ ಕಷ್ಟ. ಕಾನೂನು ಉಪಯುಕ್ತತೆಯನ್ನು ಅಳೆಯುವುದಿಲ್ಲ.

ಪ್ರಕಟಣಾ ಚಟುವಟಿಕೆ ಇರುವ ಸಂಸ್ಥೆಗಳು ತಮ್ಮ ಪ್ರಕಟಣೆಯಲ್ಲಿ ಸುದ್ದಿ ಇರುವುದಿಲ್ಲವೆಂದು ಪತ್ರಿಕಾ ನೋಂದಣಿ ಪ್ರಾಧಿಕಾರದಿಂದ ಪ್ರಮಾಣಪತ್ರ ಪಡೆದು ಅರ್ಜಿಯೊಂದಿಗೆ ಲಗತ್ತಿಸಬೇಕೆಂಬುದನ್ನು ಗೃಹ ಸಚಿವಾಲಯವು 2025ರ ಮೇ ತಿಂಗಳಲ್ಲಿ ಒತ್ತಿ ಹೇಳಿದೆ. ನವೀಕರಣಕ್ಕೆ ಅರ್ಜಿ ಹಾಕುವ ಮೊದಲೇ ಇದನ್ನು ಪಡೆಯುವುದು ಒಳ್ಳೆಯದು.

ಹೊಸದಾಗಿ ನೋಂದಣಿ ಕೋರುವ ಸಂಸ್ಥೆಯು ಕನಿಷ್ಠ ಮೂರು ವರ್ಷಗಳಿಂದ ಅಸ್ತಿತ್ವದಲ್ಲಿದ್ದು, ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ತನ್ನ ಮುಖ್ಯ ಚಟುವಟಿಕೆಗಳಿಗಾಗಿ ಒಟ್ಟು 15 ಲಕ್ಷ ರೂಪಾಯಿ ವೆಚ್ಚ ಮಾಡಿರಬೇಕು. ಅರ್ಜಿಯು ಎಫ್‌ಸಿ-3ಎ ನಮೂನೆಯಲ್ಲಿರಬೇಕು. ನಿರ್ದಿಷ್ಟ ದಾನಿಯಿಂದ ನಿರ್ದಿಷ್ಟ ಕೆಲಸಕ್ಕೆ ಮಾತ್ರ ಹಣ ಬರುವುದಿದ್ದರೆ ಪೂರ್ವಾನುಮತಿಗೆ ಎಫ್‌ಸಿ-3ಬಿ ನಮೂನೆ. ಪದಾಧಿಕಾರಿಗಳ ಆಧಾರ್ ಸಂಖ್ಯೆ ಕಡ್ಡಾಯ. ವಂತಿಗೆಯನ್ನು ಸ್ವೀಕರಿಸುವ ಖಾತೆಯು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿಯೇ ಇರಬೇಕು. ಇದಕ್ಕಾಗಿ ದೆಹಲಿಗೆ ಪ್ರಯಾಣ ಬೆಳೆಸುವ ಅಗತ್ಯವಿಲ್ಲ, ಹತ್ತಿರದ ಶಾಖೆಯ ಮೂಲಕ ತೆರೆಯಬಹುದು. ಆಡಳಿತ ವೆಚ್ಚವು ವಂತಿಗೆಯ ಶೇಕಡ 20ನ್ನು ಮೀರುವಂತಿಲ್ಲ. ವಾರ್ಷಿಕ ವಿವರವನ್ನು ಎಫ್‌ಸಿ-4 ನಮೂನೆಯಲ್ಲಿ ಆರ್ಥಿಕ ವರ್ಷ ಮುಗಿದ ಒಂಬತ್ತು ತಿಂಗಳೊಳಗೆ, ಅಂದರೆ ಡಿಸೆಂಬರ್ 31ರೊಳಗೆ ಸಲ್ಲಿಸಬೇಕು. ಯಾವ ಹಣವೂ ಬಾರದ ವರ್ಷದಲ್ಲಿಯೂ ಶೂನ್ಯ ವಿವರ ಸಲ್ಲಿಸತಕ್ಕದ್ದು.

ಸಮುದಾಯ ಬಾನುಲಿ

ಸಮುದಾಯ ಬಾನುಲಿ ಕೇಂದ್ರಗಳದು ಬೇರೆಯ ಸ್ಥಿತಿ. 2006ರ ಮಾರ್ಗಸೂಚಿಯು ಬಹುರಾಷ್ಟ್ರೀಯ ನೆರವು ಸಂಸ್ಥೆಗಳಿಂದ ನಿಧಿ ಕೋರಲು ಅವಕಾಶ ನೀಡಿ, ವಿದೇಶಿ ನಿಧಿಗೆ ವಂತಿಗೆ ಕಾನೂನಿನಡಿ ಅನುಮತಿಯನ್ನು ಕಡ್ಡಾಯಗೊಳಿಸಿತು. ಈ ಕೇಂದ್ರಗಳು ಸ್ವಂತವಾಗಿ ಸುದ್ದಿ ಪ್ರಸಾರ ಮಾಡುವಂತಿಲ್ಲದಿರುವುದರಿಂದಲೇ ಅವುಗಳಿಗೆ ಈ ದಾರಿ ತೆರೆದಿದೆ. ವಿಶ್ವಸಂಸ್ಥೆ ಹಾಗೂ ಅದರ ವಿಶೇಷ ಅಂಗಸಂಸ್ಥೆಗಳು, ವಿಶ್ವಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿ ಕಾನೂನಿನ ‘ವಿದೇಶಿ ಮೂಲ’ದ ವ್ಯಾಖ್ಯೆಗೆ ಸೇರುವುದಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2000ರ ದಶಕದ ಆರಂಭದಲ್ಲಿ ಯುನೆಸ್ಕೊ ನೆರವಿನಿಂದ ರೂಪುಗೊಂಡ ‘ನಮ್ಮ ಧ್ವನಿ’ಯನ್ನು ಇಲ್ಲಿ ನೆನೆಯಬಹುದು. ಸಮುದಾಯಕ್ಕೆ ಆಕಾಶದ ತರಂಗಗಳು ಇನ್ನೂ ದೊರೆಯದಿದ್ದ ಆ ದಿನಗಳಲ್ಲಿ ಅದು ಕೇಬಲ್ ತಂತಿಯ ಮೂಲಕ ಮನೆಗಳನ್ನು ತಲುಪಿತು.

ಒಡೆತನದ ವಿವರ ಪ್ರಕಟಿಸುವುದು

1956ರ ಕೇಂದ್ರ ನಿಯಮಗಳ ಪ್ರಕಾರ ಪ್ರತಿ ವರ್ಷ ಫೆಬ್ರುವರಿ ತಿಂಗಳ ಕೊನೆಯ ದಿನದ ನಂತರದ ಮೊದಲ ಸಂಚಿಕೆಯಲ್ಲಿ 4ನೇ ನಮೂನೆಯ ಹೇಳಿಕೆಯನ್ನು ಪತ್ರಿಕೆಗಳು ಅಚ್ಚುಮಾಡುತ್ತಿದ್ದುದನ್ನು ಓದುಗರು ನೋಡಿರಬಹುದು. ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರು, ರಾಷ್ಟ್ರೀಯತೆ ಹಾಗೂ ವಿಳಾಸಗಳಲ್ಲದೆ, ಒಟ್ಟು ಬಂಡವಾಳದ ಶೇಕಡ 1ಕ್ಕಿಂತ ಹೆಚ್ಚು ಪಾಲು ಹೊಂದಿರುವ ಪ್ರತಿಯೊಬ್ಬರ ಹೆಸರೂ ಅದರಲ್ಲಿರುತ್ತಿತ್ತು. ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತಿದ್ದ ಈ ಹೇಳಿಕೆ, ಪತ್ರಿಕೆಯು ಯಾರ ಮಾತು ಎಂದು ಓದುಗನಿಗೆ ತಿಳಿಸುವ ಸಾಧನವಾಗಿತ್ತು. ಹೇಳುವವನ ಹೆಸರು ತಿಳಿಯುವುದರ ಬೆಲೆ ಮಸ್ಕಿಯವರಿಗೆ ಹೊಸದಲ್ಲ: 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅವರು ಅಲ್ಲಿ ಕಂಡುಹಿಡಿದ ಶಾಸನದಲ್ಲಿ ಅಶೋಕ ಎಂಬ ಹೆಸರು ಇದ್ದುದರಿಂದಲೇ, ಉಳಿದೆಡೆ ‘ದೇವಾನಾಂಪ್ರಿಯ’ ಎಂಬ ಬಿರುದಿನಿಂದ ಮಾತನಾಡಿದ ಅರಸನು ಯಾರೆಂಬುದು ಖಚಿತವಾಯಿತು.

1867ರ ಕಾನೂನಿನ ಬದಲಿಗೆ 2023ರ ಅಧಿನಿಯಮವು 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಶೀರ್ಷಿಕೆ ಮತ್ತು ನೋಂದಣಿಗೆ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಒಟ್ಟಿಗೆ ಅರ್ಜಿ ಸಲ್ಲಿಸಬೇಕು. ಅರ್ಜಿಯ ಬಗ್ಗೆ ಆಕ್ಷೇಪಣೆ ಅಥವಾ ಅಭಿಪ್ರಾಯ ತಿಳಿಸಲು ಜಿಲ್ಲಾ ದಂಡಾಧಿಕಾರಿಗಳಿಗೆ 60 ದಿನಗಳ ಅವಧಿಯಿದೆ. ಪ್ರಕಾಶಕರು ಪ್ರತಿ ವರ್ಷ ವಾರ್ಷಿಕ ವಿವರಣಪಟ್ಟಿ ಸಲ್ಲಿಸಬೇಕು. ಮೊದಲ ಬಾರಿ ತಪ್ಪಿದಲ್ಲಿ 20,000 ರೂಪಾಯಿಗಳವರೆಗೆ, ನೋಂದಣಿಯಿಲ್ಲದೆ ಪತ್ರಿಕೆ ಪ್ರಕಟಿಸಿದಲ್ಲಿ 5 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ವಿದೇಶಿ ಪತ್ರಿಕೆಯ ಯಥಾಪ್ರತಿಯನ್ನು ಇಲ್ಲಿ ಮುದ್ರಿಸಲು ಕೇಂದ್ರ ಸರ್ಕಾರದ ಪೂರ್ವಾನುಮೋದನೆ ಬೇಕು. ಅಂತರ್ಜಾಲ ಸುದ್ದಿ ಪ್ರಕಾಶಕರಿಗೆ ಈ ಅಧಿನಿಯಮದ ನೋಂದಣಿ ಇಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ 18ನೇ ನಿಯಮದಂತೆ ಅವರು ಪ್ರಕಟಣೆ ಆರಂಭಿಸಿದ 30 ದಿನಗಳೊಳಗೆ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ತಮ್ಮ ವಿವರ ಒದಗಿಸಬೇಕು.

ಇತರ ದೇಶಗಳ ಕ್ರಮ ಭಿನ್ನವಾಗಿದೆ. ಅಮೆರಿಕದ 1938ರ ಕಾನೂನು ಮತ್ತು ಆಸ್ಟ್ರೇಲಿಯಾದ 2018ರ ಕಾನೂನು ಮುಖ್ಯವಾಗಿ ಕೇಳುವುದು ನೋಂದಣಿ ಹಾಗೂ ಬಹಿರಂಗಪಡಿಸುವಿಕೆಯನ್ನು. ಐರೋಪ್ಯ ಒಕ್ಕೂಟದ ಮಾಧ್ಯಮ ಸ್ವಾತಂತ್ರ್ಯ ಕಾಯ್ದೆಯು 2025ರ ಆಗಸ್ಟ್‌ನಿಂದ ಮಾಧ್ಯಮಗಳ ಒಡೆತನ ವಿವರವನ್ನು ಸಾರ್ವಜನಿಕಗೊಳಿಸಿದೆ. ಭಾರತದಲ್ಲಿ ಬಹಿರಂಗಪಡಿಸಿದ ಮಾತ್ರಕ್ಕೆ ದಾನ ಸಕ್ರಮವಾಗುವುದಿಲ್ಲ. ‘ಎಲ್ಲವನ್ನೂ ಲೆಕ್ಕದಲ್ಲಿ ತೋರಿಸಿದ್ದೇವೆ’ ಎಂಬ ಸಮಜಾಯಿಷಿ ಸಾಲದು ಎಂಬುದನ್ನು, ಹೊರದೇಶದ ಮಾದರಿಗಳನ್ನು ಓದಿಕೊಂಡವರು ವಿಶೇಷವಾಗಿ ಗಮನಿಸಬೇಕು.

ಅರ್ಜಿ ಎಲ್ಲಿ ಸಲ್ಲಿಸಬೇಕು

ವಿದೇಶಿ ವಂತಿಗೆ ನೋಂದಣಿಯನ್ನು ತಹಶೀಲ್ದಾರರ ಕಚೇರಿ, ನಗರಸಭೆ, ಪುರಸಭೆ ಅಥವಾ ಜಿಲ್ಲಾಡಳಿತ ನೀಡುವುದಿಲ್ಲ. ಅದು ಕೇಂದ್ರ ಗೃಹ ವ್ಯವಹಾರಗಳ ಸಚಿವಾಲಯದ ಅಧಿಕಾರ. ಅರ್ಜಿಯನ್ನು ಸಚಿವಾಲಯದ ಎಫ್‌ಸಿಆರ್‌ಎ ಜಾಲತಾಣದಲ್ಲಿ ಮಾತ್ರ ಸ್ವೀಕರಿಸಲಾಗುತ್ತದೆ. ತಾಲ್ಲೂಕು ಕೇಂದ್ರಗಳಲ್ಲಿ ನೋಂದಣಿ ಮಾಡಿಸಿಕೊಡುವುದಾಗಿ ಹೇಳಿ ಶುಲ್ಕ ಕೇಳುವ ಮಧ್ಯವರ್ತಿಗಳಿಗೆ ಹಣ ನೀಡಬಾರದು. ಪತ್ರಿಕೆ ನೋಂದಣಿಯ ಅರ್ಜಿಯೂ ಆನ್‌ಲೈನ್‌ನಲ್ಲಿಯೇ ಸಲ್ಲಿಕೆಯಾಗಿ, ರಾಯಚೂರಿನ ಜಿಲ್ಲಾ ದಂಡಾಧಿಕಾರಿಗಳಿಗೆ ತಲುಪುತ್ತದೆ. ಮಸ್ಕಿಯು ಪ್ರತ್ಯೇಕ ತಾಲ್ಲೂಕಾಗುವ ಮೊದಲು ನೋಂದಣಿಯಾದ ಪತ್ರಿಕೆಗಳ ದಾಖಲೆಗಳಲ್ಲಿ ಪ್ರಕಟಣಾ ಸ್ಥಳದ ತಾಲ್ಲೂಕು ಲಿಂಗಸುಗೂರು, ಸಿಂಧನೂರು ಅಥವಾ ಮಾನ್ವಿ ಎಂದಿರಬಹುದು. ಬ್ಯಾಂಕ್ ದಾಖಲೆ ಹಾಗೂ ನೋಂದಣಿ ದಾಖಲೆಗಳಲ್ಲಿ ವಿಳಾಸ ಹೊಂದಿಕೆಯಾಗದಿದ್ದರೆ ಅರ್ಜಿ ಹಿಂದಿರುಗುವ ಸಂಭವವಿರುವುದರಿಂದ, ಅಂಥವರು ಮೊದಲು ಪೋರ್ಟಲ್‌ನಲ್ಲಿ ವಿಳಾಸ ತಿದ್ದುಪಡಿಗೆ ಕೋರಿಕೆ ಸಲ್ಲಿಸತಕ್ಕದ್ದು.